ಹಳೆಯ ಕೆರೆಯ ಏರಿ: ಭದ್ರತೆ ಮತ್ತು ಒಡೆತನದ ಬಗೆಗಿನ ತಪ್ಪು ಕಲ್ಪನೆಗಳು

ಬಾದಾಮಿಯ ಅಗಸ್ತ್ಯತೀರ್ಥವನ್ನು ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ತಾನಾಗಿ ಉಂಟಾದ ಸರೋವರವೆಂದು ಅನೇಕ ಪ್ರವಾಸಿಗರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಕಟ್ಟಿಸಿದ ಕೆರೆ. ಗುಡ್ಡಗಳಿಂದ ಇಳಿಯುವ ಮಳೆನೀರು ಕಣಿವೆಯಲ್ಲೇ ನಿಲ್ಲಲೆಂದು ಮಣ್ಣಿನ ಏರಿ ಹಾಕಿ, ಅದಕ್ಕೆ ಕಲ್ಲಿನ ಮೆಟ್ಟಿಲುಗಳನ್ನು ಹೊದಿಸಲಾಗಿದೆ. ಹೆಣ್ಣುಮಕ್ಕಳು ಬಟ್ಟೆ ಒಗೆಯುವ, ಪ್ರವಾಸಿಗರು ಕುಳಿತು ಆಚೆ ದಡದ ಭೂತನಾಥ ದೇವಾಲಯವನ್ನು ನೋಡುವ ಆ ಮೆಟ್ಟಿಲುಗಳು ಅಣೆಕಟ್ಟಿನದೇ ಅಂಗ.

ಶತಮಾನಗಳಿಂದ ನಿಂತ ಏರಿ ಇನ್ನೂ ನಿಲ್ಲುತ್ತದೆ ಎಂಬುದು ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ಮಣ್ಣಿನ ಏರಿಯ ಆಯುಷ್ಯ ಅದರ ವಯಸ್ಸಿನಲ್ಲಿಲ್ಲ, ಕೋಡಿಯಲ್ಲಿದೆ. ಕೋಡಿಯೆಂದರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಏರಿಗೆ ಧಕ್ಕೆಯಾಗದಂತೆ ಹರಿದುಹೋಗುವ ದಾರಿ. ಆ ದಾರಿ ಕಟ್ಟಿಕೊಂಡು ನೀರು ಏರಿಯ ನೆತ್ತಿಯನ್ನು ದಾಟಿತೆಂದರೆ, ಹಿಂಬದಿಯ ಮಣ್ಣು ಕೊಚ್ಚಿಹೋಗಿ ಕೆಲವೇ ಗಂಟೆಗಳಲ್ಲಿ ಏರಿ ಒಡೆಯಬಹುದು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಸಿರಿವಂತರ ಕ್ಲಬ್ಬೊಂದು ವಿಹಾರಕ್ಕೆಂದು ಇಟ್ಟುಕೊಂಡಿದ್ದ ಸೌತ್ ಫೋರ್ಕ್ ಮಣ್ಣಿನ ಅಣೆಕಟ್ಟು 1889ರ ಮೇ 31ರಂದು ಹೀಗೆಯೇ ಒಡೆದು, ಜಾನ್ಸ್‌ಟೌನ್ ಪಟ್ಟಣ ಮತ್ತು ಸುತ್ತಲಿನ ಊರುಗಳಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು. ಮೀನುಗಳು ತಪ್ಪಿಸಿಕೊಳ್ಳದಿರಲೆಂದು ಅಲ್ಲಿನ ಕೋಡಿಗೆ ಜಾಲರಿ ಹಾಕಲಾಗಿತ್ತು. ಗುಜರಾತಿನ ಮೋರ್ಬಿಯಲ್ಲಿ 1979ರ ಆಗಸ್ಟ್ 11ರಂದು ಮಚ್ಚು ಅಣೆಕಟ್ಟೆಯ ಮಣ್ಣಿನ ಭಾಗಗಳು ಕೊಚ್ಚಿಹೋದದ್ದೂ ನೀರು ಮೇಲೇರಿ ಹರಿದದ್ದರಿಂದಲೇ.

ಏರಿಯ ಮೇಲಿನ ಗಿಡಮರ ಮಣ್ಣನ್ನು ಹಿಡಿದಿಡುತ್ತದೆ ಎಂಬ ಮಾತು ಹುಲ್ಲಿನ ಮಟ್ಟಿಗೆ ನಿಜ, ಜಾಲಿಯ ಮಟ್ಟಿಗೆ ಅಲ್ಲ; ಸತ್ತ ಜಾಲಿಯ ಬೇರು ಕೊಳೆತು ಉಳಿಯುವ ಪೊಳ್ಳು, ಹೆಗ್ಗಣದ ಬಿಲದಂತೆಯೇ, ನೀರಿಗೆ ಒಳದಾರಿಯಾಗುತ್ತದೆ. ಹುನಗುಂದ, ಇಳಕಲ್ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದರಿಂದ, ಅಂಥ ಮಣ್ಣಿನ ಏರಿಯಲ್ಲಿ ಮೊದಲ ಮಳೆಗೆ ಮುನ್ನವೇ ಬಿರುಕುಗಳನ್ನು ಹುಡುಕಿ ಮುಚ್ಚಬೇಕು. ಏರಿಯ ಬುಡದಲ್ಲಿ ತಿಳಿನೀರು ಒಂದೇ ಸಮನೆ ಅಲ್ಪವಾಗಿ ಜಿನುಗುವುದು ಗಾಬರಿಪಡುವ ಸಂಗತಿಯಲ್ಲ; ಅದೇ ನೀರು ರಾಡಿಯಾಗಿ ಬರತೊಡಗಿದರೆ ಒಳಗಿನ ಮಣ್ಣು ಹೊರಟಿದೆಯೆಂದೇ ತಿಳಿದು ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕು.

ಊರ ಕೆರೆ ಊರವರದೇ ಎಂಬ ಭಾವನೆ ಅಭಿಮಾನದ್ದು, ಕಾನೂನಿನದಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಮಿನಂತೆ, ಖಾಸಗಿ ಸ್ವತ್ತಾಗಿರದ ಕೆರೆಗಳು ರಾಜ್ಯ ಸರ್ಕಾರದವು. 40 ಹೆಕ್ಟೇರಿಗಿಂತ ಹೆಚ್ಚು, 2,000 ಹೆಕ್ಟೇರಿನವರೆಗೆ ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು, ಇರುವ ಕೆರೆಗಳನ್ನು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ ನೋಡಿಕೊಂಡರೆ, ಅದಕ್ಕಿಂತ ಚಿಕ್ಕವು ಪಂಚಾಯತಿಗಳ ಪಾಲಿಗೆ ಬರುತ್ತವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿನ ದುರಸ್ತಿಗೆ ಪುರಾತತ್ವ ಕಾಯ್ದೆಯ ಅನುಮತಿಯೂ ಬೇಕಾಗುತ್ತದೆ.

ಎಲ್ಲ ಏರಿಗಳನ್ನೂ ಎಂಜಿನಿಯರುಗಳು ವರ್ಷವರ್ಷವೂ ತಪಾಸಣೆ ಮಾಡುತ್ತಾರೆ ಎಂಬುದೂ ತಪ್ಪು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಹಿಂದೆಮುಂದೆ ಪರಿಶೀಲನೆ ನಡೆಸಬೇಕೆಂದು ಮಾಲೀಕರಿಗೆ ವಿಧಿಸುವುದು 15 ಮೀಟರಿಗಿಂತ ಎತ್ತರದ, ಇಲ್ಲವೇ 10ರಿಂದ 15 ಮೀಟರ್ ಎತ್ತರವಿದ್ದು ಉದ್ದ, ಸಂಗ್ರಹ ಮುಂತಾದ ನಿಗದಿತ ಷರತ್ತುಗಳಿಗೆ ಒಳಪಡುವ ಅಣೆಕಟ್ಟುಗಳಿಗೆ ಮಾತ್ರ. ಅದಕ್ಕೂ ತಗ್ಗಿನ ಹಳ್ಳಿಯ ಏರಿಗಳು ಆ ಕಾಯ್ದೆಯ ಹೊರಗೇ ಉಳಿದಿರುವುದು ದೊಡ್ಡ ಕೊರತೆ. ಹೀಗಿರುವಾಗ ವಿಹಾರಕ್ಕೆಂದು ಕೆರೆಯ ನೀರನ್ನು ಸದಾ ತುಂಬಿಸಿಟ್ಟುಕೊಳ್ಳುವ ಆಸೆ ಅಪಾಯಕ್ಕೆ ದಾರಿಮಾಡುತ್ತದೆ. ಮೀನುಗಾರಿಕೆಯ ಅಥವಾ ದೋಣಿವಿಹಾರದ ಗುತ್ತಿಗೆ ಹಿಡಿದವರಿಗೆ ದೊರೆಯುವುದು ನೀರನ್ನು ಬಳಸುವ ಹಕ್ಕು ಮಾತ್ರ. ಕೋಡಿಯ ಮೇಲೆ ಒಂದು ಮರಳಿನ ಚೀಲ ಇಡುವ ಅಧಿಕಾರವೂ ಅದರಲ್ಲಿ ಸೇರಿಲ್ಲ.