ಒಂದೇ ತೆರನಾಗಿ ಕಂಡರೂ ಒಂದೇ ಅಲ್ಲ: ಪ್ಯಾಸ್ಕಲ್ ಭಾಷೆಯ ಟೈಪ್ ಮತ್ತು ಕ್ಲಾಸ್

ಗಣಕಯಂತ್ರದ ಸ್ಮೃತಿಯಲ್ಲಿ ಇರುವುದೆಲ್ಲ ಸೊನ್ನೆ ಮತ್ತು ಒಂದುಗಳ ಸಾಲು. ಅಲ್ಲಿ 65 ಎಂಬ ಬೆಲೆ ಇದೆಯೆಂದರೆ ಅದು ವಿದ್ಯಾರ್ಥಿಯೊಬ್ಬನ ಅಂಕವೂ ಆಗಿರಬಹುದು, ಇಂಗ್ಲಿಷ್‌ನ ದೊಡ್ಡ 'ಎ' ಅಕ್ಷರವೂ ಆಗಿರಬಹುದು. ಆಸ್ಕಿ ಸಂಕೇತ ಪದ್ಧತಿಯಲ್ಲಿ ಆ ಅಕ್ಷರದ ಸಂಖ್ಯೆಯೂ 65. ಯಾವುದು ಯಾವುದೆಂದು ಯಂತ್ರಕ್ಕೆ ತಾನಾಗಿ ತಿಳಿಯದು. ಪ್ರೋಗ್ರಾಂ ಬರೆಯುವವರೇ ಅದನ್ನು ಹೇಳಬೇಕು. ಹಾಗೆ ಹೇಳುವ ಕ್ರಮಕ್ಕೆ 'ಟೈಪ್' ಎಂದು ಹೆಸರು. ಈ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಿ, ಕಲಿಯುವವರಲ್ಲಿ ಶಿಸ್ತು ಮೂಡಿಸಲೆಂದು ರೂಪುಗೊಂಡ ಭಾಷೆ ಪ್ಯಾಸ್ಕಲ್.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ನಿಕ್ಲಾಸ್ ವಿರ್ತ್ 1970ರಲ್ಲಿ ಈ ಭಾಷೆಯನ್ನು ಪ್ರಕಟಿಸಿದರು. ಲೆಕ್ಕದ ಯಂತ್ರವನ್ನು ನಿರ್ಮಿಸಿದ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಬ್ಲೇಸ್ ಪ್ಯಾಸ್ಕಲ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಅರ್ಧ ಶತಮಾನ ಕಳೆದರೂ ಪ್ಯಾಸ್ಕಲ್ ಕಲಿಯುವವರು ಕೇಳುವ ಪ್ರಶ್ನೆಗಳು ಬಹುತೇಕ ಅವೇ. ಒಂದೇ ತೆರನಾಗಿ ಕಾಣುವ ಎರಡು ವಸ್ತುಗಳನ್ನು ಒಂದೇ ಎಂದು ಭಾವಿಸುವುದರಲ್ಲಿ ಅವುಗಳ ಮೂಲವಿದೆ.

ರೂಪಕ್ಕಿಂತ ಹೆಸರು ಮುಖ್ಯ

ಹತ್ತು ಪೂರ್ಣಾಂಕಗಳ ಪಟ್ಟಿಯೊಂದನ್ನು ಘೋಷಿಸಿ, ಮುಂದಿನ ಸಾಲಿನಲ್ಲಿ ಅಂಥದೇ ಇನ್ನೊಂದು ಪಟ್ಟಿಯನ್ನು ಪ್ರತ್ಯೇಕವಾಗಿ ಘೋಷಿಸಿದರೆ, ಮೊದಲನೆಯದನ್ನು ಎರಡನೆಯದಕ್ಕೆ ಇಡಿಯಾಗಿ ನೀಡಲು ಮಾನಕ ಪ್ಯಾಸ್ಕಲ್ ಒಪ್ಪುವುದಿಲ್ಲ. ಎರಡರ ಅಳತೆಯೂ ಒಂದೇ, ಒಳಗಿನ ಸರಕೂ ಒಂದೇ. ಆದರೂ ಏಕೆ ನಿರಾಕರಣೆ? ಪ್ಯಾಸ್ಕಲ್ ನೋಡುವುದು ರೂಪವನ್ನಲ್ಲ, ಹೆಸರನ್ನು. ಒಬ್ಬರ ತೂಕದ ಪಟ್ಟಿಯೂ ಇನ್ನೊಬ್ಬರ ಸಾಲದ ಪಟ್ಟಿಯೂ ಹತ್ತು ಸಂಖ್ಯೆಗಳೇ ಆಗಿದ್ದರೂ ಅವನ್ನು ಅದಲುಬದಲು ಮಾಡಿದರೆ ಅನರ್ಥವೇ ಸರಿ. ಪರಿಹಾರ ಸರಳ: ಆ ಬಗೆಗೆ ಮೊದಲೇ ಒಂದು ಹೆಸರು ಕೊಟ್ಟು, ಎರಡೂ ಪಟ್ಟಿಗಳನ್ನು ಅದೇ ಹೆಸರಿನಿಂದ ಘೋಷಿಸಬೇಕು.

ಈ ಬಿಗಿತ ಎಲ್ಲರಿಗೂ ರುಚಿಸಲಿಲ್ಲ. ಪಟ್ಟಿಯ ಉದ್ದವೂ ಟೈಪ್‌ನ ಭಾಗವೇ ಆದ್ದರಿಂದ, ಹತ್ತರ ಪಟ್ಟಿಗೂ ಇಪ್ಪತ್ತರ ಪಟ್ಟಿಗೂ ಒದಗುವ ಒಂದೇ ವಿಂಗಡಣೆಯ ವಿಧಾನವನ್ನು ಬರೆಯುವುದು ಮೂಲ ಪ್ಯಾಸ್ಕಲ್‌ನಲ್ಲಿ ಸಾಧ್ಯವಿರಲಿಲ್ಲ. ಸಿ ಭಾಷೆಯ ಪ್ರಸಿದ್ಧ ಪುಸ್ತಕದ ಸಹಲೇಖಕ ಬ್ರಯಾನ್ ಕೆರ್ನಿಘನ್ 1981ರಲ್ಲಿ ಬರೆದ ಟೀಕೆಯ ಮುಖ್ಯಾಂಶಗಳಲ್ಲಿ ಇದೂ ಒಂದು. ಉದ್ದ ನಿಗದಿಯಾಗಿರದ ಪಟ್ಟಿಗಳನ್ನು ಒಪ್ಪಿಕೊಳ್ಳುವ ಮೂಲಕ ಪ್ಯಾಸ್ಕಲ್‌ನ ಮುಂದಿನ ರೂಪಗಳು ಈ ಕೊರತೆಯನ್ನು ನೀಗಿಸಿದವು.

ಮಿತಿ ಹೇಳಿದರೆ ಸಾಲದು

ಅಂಕವೆಂದರೆ 0ಯಿಂದ 100ರವರೆಗಿನ ಸಂಖ್ಯೆ ಮಾತ್ರ ಎಂದು ಪ್ಯಾಸ್ಕಲ್‌ನಲ್ಲಿ ಮಿತಿ ಹಾಕಬಹುದು. ಹಾಗಿದ್ದರೂ ಪ್ರೋಗ್ರಾಂ ನಡೆಯುವಾಗ ಅದರಲ್ಲಿ ಮಿತಿ ಮೀರಿದ ಬೆಲೆ ಬಂದು ಕುಳಿತದ್ದು ಹೇಗೆಂದು ಅಚ್ಚರಿಪಡುವವರು ಅನೇಕರು. ಟರ್ಬೊ ಪ್ಯಾಸ್ಕಲ್ ಹಾಗೂ ಫ್ರೀ ಪ್ಯಾಸ್ಕಲ್‌ಗಳಲ್ಲಿ ಮಿತಿಯ ತಪಾಸಣೆ ತಾನಾಗಿ ಚಾಲೂ ಇರುವುದಿಲ್ಲ. ಬರೆಯುವವರೇ ಆದೇಶ ನೀಡಬೇಕು. ಇಲ್ಲದಿದ್ದರೆ ಮಿತಿಯಾಚೆಗಿನ ಬೆಲೆ ಸದ್ದಿಲ್ಲದೆ ಒಳಸೇರಬಹುದು.

ಮಿತಿಯ ಬಗೆಗಿನ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಪ್ಯಾಸ್ಕಲ್‌ನಿಂದ ಪ್ರಭಾವಿತವಾದ ಅಡಾ ಭಾಷೆಯ ಒಂದು ಪ್ರೋಗ್ರಾಂ ಜಗತ್ತಿಗೆ ತೋರಿಸಿತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಮೇಲೇರಿದ ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ನಲವತ್ತು ಸೆಕೆಂಡು ಕಳೆಯುವಷ್ಟರಲ್ಲಿ ದಾರಿ ತಪ್ಪಿ ನಾಶವಾಯಿತು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವನ್ನಾಗಿ ಪರಿವರ್ತಿಸುವಾಗ, ಬೆಲೆ 32,767ರ ಮಿತಿಯನ್ನು ಮೀರಿತ್ತು. ಆ ತಂತ್ರಾಂಶವನ್ನು ನಿಧಾನವಾಗಿ ವೇಗ ಪಡೆಯುತ್ತಿದ್ದ ಏರಿಯಾನ್ 4ರಿಂದ ಎತ್ತಿಕೊಳ್ಳಲಾಗಿತ್ತು. ಇಂತಹ ಅಪಾಯವಿದ್ದ ಏಳು ಬೆಲೆಗಳ ಪೈಕಿ ನಾಲ್ಕಕ್ಕೆ ಮಾತ್ರ ರಕ್ಷಣೆ ಒದಗಿಸಲಾಗಿತ್ತು ಎಂಬುದನ್ನು ತನಿಖಾ ಮಂಡಳಿ ಬಯಲಿಗೆ ತಂದಿತು. ಪರ್ಯಾಯ ಘಟಕವೂ ಅದೇ ತಂತ್ರಾಂಶವನ್ನು ನಡೆಸುತ್ತಿದ್ದುದರಿಂದ ಎರಡೂ ಒಂದೇ ಕಾರಣಕ್ಕೆ ಕೈಕೊಟ್ಟವು. ಟೈಪ್ ಘೋಷಿಸುವುದು ಎಷ್ಟು ಮುಖ್ಯವೋ, ಆ ಘೋಷಣೆಯ ಹಿಂದಿರುವ ಊಹೆಯನ್ನು ಮರುಪರಿಶೀಲಿಸುವುದೂ ಅಷ್ಟೇ ಮುಖ್ಯ.

ಪ್ರತಿಯೋ, ವಿಳಾಸವೋ?

ಮೂಲ ಪ್ಯಾಸ್ಕಲ್‌ನಲ್ಲಿ ಕ್ಲಾಸ್ ಇರಲಿಲ್ಲ. ಹೆಸರು, ವಯಸ್ಸು, ಅಂಕ ಮುಂತಾದವನ್ನು ಒಟ್ಟಿಗೆ ಕಟ್ಟಿಡಲು 'ರೆಕಾರ್ಡ್' ಮಾತ್ರ ಇತ್ತು. ಆಪಲ್ ಸಂಸ್ಥೆಯಲ್ಲಿ ಲ್ಯಾರಿ ಟೆಸ್ಲರ್ ಅವರ ತಂಡ ವಿರ್ತ್ ಅವರ ಸಲಹೆ ಪಡೆದು 1985ರಲ್ಲಿ ಆಬ್ಜೆಕ್ಟ್ ಪ್ಯಾಸ್ಕಲ್ ರೂಪಿಸಿತು. 1989ರ ಟರ್ಬೊ ಪ್ಯಾಸ್ಕಲ್ 5.5ರಲ್ಲಿ 'ಆಬ್ಜೆಕ್ಟ್' ಬಂದಿತು; ಇಂದು ಬಳಕೆಯಲ್ಲಿರುವ 'ಕ್ಲಾಸ್' 1995ರ ಡೆಲ್ಫಿಯೊಂದಿಗೆ ನೆಲೆಗೊಂಡಿತು. ಕ್ಲಾಸ್‌ನಲ್ಲಿ ಮಾಹಿತಿಯ ಜೊತೆಗೆ ಅದರ ಮೇಲೆ ನಡೆಯುವ ಕ್ರಿಯೆಗಳೂ ಒಂದೇ ಕಡೆ ಇರುತ್ತವೆ.

ಕಲಿಯುವವರು ಎಡವುವುದು ಇಲ್ಲಿಯೇ. ಒಂದು ರೆಕಾರ್ಡನ್ನು ಇನ್ನೊಂದಕ್ಕೆ ನೀಡಿದರೆ ಜೆರಾಕ್ಸ್ ಪ್ರತಿ ತೆಗೆದಂತೆ. ಪ್ರತಿಯಲ್ಲಿ ಗೀಚಿದರೆ ಮೂಲಕ್ಕೆ ಬಾಧೆಯಿಲ್ಲ. ಡೆಲ್ಫಿಯ ಕ್ಲಾಸ್ ಹಾಗಲ್ಲ. ಅದರ ಹೆಸರಿನಲ್ಲಿ ಇರುವುದು ಮನೆಯಲ್ಲ, ಮನೆಯ ವಿಳಾಸದ ಚೀಟಿ. ಚೀಟಿಯನ್ನು ಮತ್ತೊಬ್ಬರಿಗೆ ಬರೆದುಕೊಟ್ಟರೆ ಎರಡನೆಯ ಮನೆ ಹುಟ್ಟುವುದಿಲ್ಲ. ಒಬ್ಬರು ಗೋಡೆಗೆ ಹಚ್ಚಿದ ಬಣ್ಣ ಇನ್ನೊಬ್ಬರಿಗೂ ಕಾಣುತ್ತದೆ. ಹೆಸರು ಘೋಷಿಸಿದ ಮಾತ್ರಕ್ಕೆ ಮನೆ ಕಟ್ಟಿದಂತಾಗದು. 'ಕ್ರಿಯೇಟ್' ಎಂದು ಕರೆದಾಗಲೇ ಅದು ಏಳುವುದು. ಅದಕ್ಕೆ ಮೊದಲೇ ಬಾಗಿಲು ತಟ್ಟಿದರೆ ಪ್ರೋಗ್ರಾಂ ಮುಗ್ಗರಿಸುತ್ತದೆ. ಕೆಲಸ ಮುಗಿದ ಮೇಲೆ 'ಫ್ರೀ' ಎಂದು ತೆರವುಗೊಳಿಸಿದರೆ, ಎರಡನೆಯ ಚೀಟಿಯಲ್ಲಿ ಉಳಿಯುವುದು ಕೆಡವಿದ ಮನೆಯ ವಿಳಾಸ. ಪತ್ತೆಹಚ್ಚಲು ಅತ್ಯಂತ ಕಷ್ಟವಾದ ದೋಷಗಳಲ್ಲಿ ಇದೂ ಒಂದು.

ತಂದೆಯ ಹೆಸರಿನಲ್ಲಿ ಮಗ

'ಖಾತೆ' ಎಂಬ ಕ್ಲಾಸ್‌ನಿಂದ 'ಉಳಿತಾಯ ಖಾತೆ', 'ಚಾಲ್ತಿ ಖಾತೆ' ಎಂಬ ಕ್ಲಾಸ್‌ಗಳನ್ನು ಹುಟ್ಟಿಸಬಹುದು. ಖಾತೆಯೆಂದು ಘೋಷಿಸಿದ ಹೆಸರಿನಲ್ಲಿ ಉಳಿತಾಯ ಖಾತೆಯನ್ನು ಇಡಲು ಅಡ್ಡಿಯಿಲ್ಲ. ಉಳಿತಾಯ ಖಾತೆಯೂ ಖಾತೆಯೇ. ಇದರ ವಿಲೋಮ ನಡೆಯದು, ಏಕೆಂದರೆ ಎಲ್ಲ ಖಾತೆಗಳೂ ಉಳಿತಾಯ ಖಾತೆಗಳಲ್ಲ. ಬಡ್ಡಿ ಲೆಕ್ಕ ಹಾಕುವ ಕ್ರಿಯೆಯನ್ನು ಮೂಲ ಕ್ಲಾಸ್‌ನಲ್ಲಿ 'ವರ್ಚುವಲ್' ಎಂದೂ ಮಗುವಿನಲ್ಲಿ 'ಓವರ್‌ರೈಡ್' ಎಂದೂ ಗುರುತಿಸಿದರೆ ಮಾತ್ರ ಆಯಾ ಖಾತೆಯ ನಿಯಮ ಜಾರಿಗೆ ಬರುತ್ತದೆ. ಎರಡನೆಯ ಪದವನ್ನು ಮರೆತರೆ, ತಂದೆಯ ಹೆಸರಿನಿಂದ ಕರೆದಾಗ ತಂದೆಯ ಕ್ರಿಯೆಯೇ ನಡೆಯುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ. ಡೆಲ್ಫಿಯ ಕಂಪೈಲರ್ ಈ ಕುರಿತು ಎಚ್ಚರಿಕೆ ನೀಡುತ್ತದೆಯಾದರೂ ಅದನ್ನು ಓದದೆ ಮುಂದೆ ಸಾಗುವವರೇ ಹೆಚ್ಚು.

ಉಳಿದ ಬಳುವಳಿ

1984ರ ಟ್ಯೂರಿಂಗ್ ಪ್ರಶಸ್ತಿ ಪಡೆದ ವಿರ್ತ್, 2024ರ ಜನವರಿ 1ರಂದು 89ನೇ ವಯಸ್ಸಿನಲ್ಲಿ ನಿಧನರಾದರು. ಟರ್ಬೊ ಪ್ಯಾಸ್ಕಲ್ ಮತ್ತು ಡೆಲ್ಫಿಗಳ ಹಿಂದಿದ್ದ ಡೆನ್ಮಾರ್ಕ್ ಮೂಲದ ಆಂಡರ್ಸ್ ಹೈಲ್ಸ್‌ಬರ್ಗ್ ಮುಂದೆ ಮೈಕ್ರೋಸಾಫ್ಟ್ ಸೇರಿ ಸಿ ಶಾರ್ಪ್ ಭಾಷೆಯನ್ನೂ, 2012ರಲ್ಲಿ ಹೊರಬಂದ ಟೈಪ್‌ಸ್ಕ್ರಿಪ್ಟನ್ನೂ ರೂಪಿಸಿದರು. ಪ್ಯಾಸ್ಕಲ್‌ನ ಹೆಸರನ್ನೇ ಕೇಳದ ಇಂದಿನ ಯುವ ತಂತ್ರಜ್ಞರೂ ಈ ಮೂಲಕ ಅದೇ ಶಿಸ್ತಿನ ನೆರಳಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಪ್ರತಿಯೋ ವಿಳಾಸವೋ, ರೂಪವೋ ಹೆಸರೋ ಎಂಬ ಪ್ರಶ್ನೆಗಳು ಅವರನ್ನೂ ಬಿಟ್ಟಿಲ್ಲ. ಉಚಿತವಾಗಿ ದೊರೆಯುವ ಫ್ರೀ ಪ್ಯಾಸ್ಕಲ್‌ನಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆದು, ಮಿತಿಯ ತಪಾಸಣೆಯನ್ನು ಚಾಲೂ ಮಾಡಿ, ಕಂಪೈಲರ್‌ನ ಎಚ್ಚರಿಕೆಗಳನ್ನು ಒಂದೊಂದಾಗಿ ಓದುವುದು ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವ ಅತಿ ಅಗ್ಗದ ದಾರಿ.