ಕಾರ್ಸ್ ಎಂಬ ಕೆಂಪು ಸಾಲು

ಬಂಟ್ವಾಳ ತಾಲೂಕಿನ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆ ಪಕ್ಕದ ಮಿಜಾರು, ಈ ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಅವುಗಳಲ್ಲೊಂದರ ವಿದ್ಯಾರ್ಥಿನಿಯೊಬ್ಬಳು ಅಡಿಕೆ ಧಾರಣೆ ತೋರಿಸುವ ವೆಬ್ ಆ್ಯಪ್ ಕಟ್ಟುತ್ತಿದ್ದಾಳೆ ಎನ್ನಿ. ಪುಟ ಓಡುತ್ತಿರುವುದು ಲೋಕಲ್‌ಹೋಸ್ಟ್ 5173ರಲ್ಲಿ, ಅಂದರೆ ವೀಟ್ ಎಂಬ ಡೆವಲಪ್‌ಮೆಂಟ್ ಸಾಧನದ ಮಾಮೂಲಿ ಪೋರ್ಟ್‌ನಲ್ಲಿ. ಧಾರಣೆ ಕೊಡುವ ಜಾಂಗೊ ಸರ್ವರ್ 8000ದಲ್ಲಿ. ಎರಡೂ ಒಂದೇ ಲ್ಯಾಪ್‌ಟಾಪ್‌ನೊಳಗೆ. ಆದರೂ ಪುಟ ಖಾಲಿ, ಬ್ರೌಸರ್ ಕನ್ಸೋಲ್‌ನಲ್ಲಿ ಕಾರ್ಸ್ ದೋಷದ ಕೆಂಪು ಸಾಲು. ಅದೇ ವಿಳಾಸವನ್ನು ಪೋಸ್ಟ್‌ಮ್ಯಾನ್ ಎಂಬ ಎಪಿಐ ಪರೀಕ್ಷಾ ಸಾಧನಕ್ಕೆ ಕೊಟ್ಟರೆ ಉತ್ತರ ಸಲೀಸಾಗಿ ಬರುತ್ತದೆ.

ಏಕೆಂದರೆ ಇಲ್ಲಿ ಅಡ್ಡಗಟ್ಟುವುದು ಸರ್ವರ್ ಅಲ್ಲ, ಬ್ರೌಸರ್. ಪ್ರೋಟೊಕಾಲ್, ಹೋಸ್ಟ್, ಪೋರ್ಟ್ (ಇವು ಸೇರಿಯೇ ‘ಮೂಲ’) ಮೂರೂ ಒಂದೇ ಆಗಿದ್ದರೆ ಮಾತ್ರ ಪುಟದ ಸ್ಕ್ರಿಪ್ಟ್ ಸರ್ವರಿನಿಂದ ಬಂದ ಉತ್ತರವನ್ನು ಓದಬಹುದೆಂಬ ನಿಯಮ 1990ರ ದಶಕದ ನೆಟ್‌ಸ್ಕೇಪ್ ಕಾಲದ್ದು. ಪೋರ್ಟ್ ಬದಲಾದರೂ ಸಾಕು, ಪರಕೀಯ. ಲೋಕಲ್‌ಹೋಸ್ಟ್ ಮತ್ತು 127.0.0.1 ಕೂಡ ಬ್ರೌಸರ್ ಲೆಕ್ಕದಲ್ಲಿ ಬೇರೆಬೇರೆ. ನೀವು ಲಾಗಿನ್ ಆಗಿರುವ ಬ್ಯಾಂಕಿನ ವಿವರವನ್ನು ಇನ್ನೊಂದು ಟ್ಯಾಬಿನ ಕಳ್ಳಪುಟ ಓದದಂತೆ ತಡೆಯುವುದೂ ಇದೇ ನಿಯಮ. ಅದಕ್ಕೆ ಸರ್ವರ್ ಕೊಡುವ ರಿಯಾಯಿತಿಯೇ ಕಾರ್ಸ್: ‘ಈ ಮೂಲದ ಪುಟ ಓದಲಿ’ ಎಂದು ಉತ್ತರದ ಹೆಡರ್‌ನಲ್ಲಿ ಬರೆದು ಕಳಿಸುವುದು.

ಸಾಧಾರಣ ಗೆಟ್ ಕೋರಿಕೆ ಸರ್ವರ್ ತಲುಪುತ್ತದೆ, ಉತ್ತರವೂ ಬರುತ್ತದೆ; ಬ್ರೌಸರ್ ಅದನ್ನು ಸ್ಕ್ರಿಪ್ಟ್ ಕೈಗೆ ಕೊಡುವುದಿಲ್ಲ, ಅಷ್ಟೆ. ಜೇಸನ್ ಪೋಸ್ಟ್ ಮಾಡಿದರೆ ಅಥವಾ ಆಥರೈಸೇಶನ್ ಹೆಡರ್ ಸೇರಿಸಿದರೆ ಕಥೆ ಬೇರೆ. ಮೊದಲು ಆಪ್ಷನ್ಸ್ ಎಂಬ ಮುಂಗೋರಿಕೆ ಹೋಗುತ್ತದೆ, ಟೋಕನ್ ಇಲ್ಲದೆ. ಸರ್ವರಿನ ಲಾಗಿನ್ ಕಾವಲು ಅದಕ್ಕೇ 401 ಎಂದುಬಿಟ್ಟರೆ ನಿಜವಾದ ಕೋರಿಕೆ ಹೊರಡುವುದೇ ಇಲ್ಲ. ಇನ್ನೊಂದು ಮೋಸವಿದೆ: ಸರ್ವರ್ 500 ಕೊಟ್ಟು ಕುಸಿದಾಗ ಹೆಡರ್ ಸೇರದೆ ಹೋದರೆ, ಅದೂ ಕಾರ್ಸ್ ದೋಷದ ವೇಷದಲ್ಲೇ ಕಾಣಿಸುತ್ತದೆ. ಹಾಗಾಗಿ ಮೊದಲು ಸರ್ವರಿನ ಲಾಗ್ ನೋಡಿ.

ಪರಿಹಾರಕ್ಕೆ ಬಂದರೆ, ಫೆಚ್‌ಗೆ ‘ನೋ-ಕಾರ್ಸ್’ ಹಾಕುವುದು ವ್ಯರ್ಥ. ದೋಷ ಮಾಯವಾಗುತ್ತದೆ, ಉತ್ತರ ಮಾತ್ರ ಓದಲು ಸಿಗುವುದಿಲ್ಲ. ಕ್ರೋಮ್‌ನ ಭದ್ರತೆಯನ್ನೇ ಆರಿಸಿ ಓಡಿಸುವ ಫ್ಲ್ಯಾಗ್ ಇದೆ. ಬಳಸಲೇಬೇಕಿದ್ದರೆ ಬೇರೆ ಪ್ರೊಫೈಲ್‌ನಲ್ಲಿ ಬಳಸಿ, ಅದರಲ್ಲಿ ಜಿಮೇಲ್ ಕೂಡ ತೆರೆಯಬೇಡಿ. ನನ್ನ ಮತ ವೀಟ್‌ನ ಪ್ರಾಕ್ಸಿಗೆ. ‘/ಎಪಿಐ’ ಎಂದು ಶುರುವಾಗುವ ಕೋರಿಕೆಗಳನ್ನು 8000ಕ್ಕೆ ದಾಟಿಸು ಎಂದು ಕಾನ್ಫಿಗ್ ಕಡತದಲ್ಲಿ ಬರೆದು, ಕೋಡಿನಲ್ಲಿ ಪೂರ್ತಿ ವಿಳಾಸದ ಬದಲು ‘/ಎಪಿಐ’ ಎಂದಷ್ಟೇ ಇಟ್ಟರೆ ಬ್ರೌಸರ್‌ಗೆ ಕಾಣುವುದು 5173 ಒಂದೇ. ದಾಟಿಸುವ ಕೆಲಸ ಸರ್ವರ್‌ನಿಂದ ಸರ್ವರ್‌ಗೆ. ಅಲ್ಲಿ ಈ ನಿಯಮವೇ ಇಲ್ಲ. ಹೊರಗಿನವರ ಎಪಿಐ ಆದರೆ ನಿಮ್ಮ ಸರ್ವರ್ ಮೂಲಕವೇ ಕೇಳಿ, ಕೀ ಕೂಡ ಗುಟ್ಟಾಗಿ ಉಳಿಯುತ್ತದೆ.

ಜಾಂಗೊದಲ್ಲೇ ಅನುಮತಿ ಕೊಡುವುದಾದರೆ ಮೂಲದ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ. ನಕ್ಷತ್ರ ಚಿಹ್ನೆ ಹಾಕಿದರೆ ಕುಕಿ ಸಮೇತ ಕಳಿಸಿದ ಕೋರಿಕೆಯ ಉತ್ತರವನ್ನು ಬ್ರೌಸರ್ ಸ್ಕ್ರಿಪ್ಟ್ ಕೈಗೆ ಕೊಡುವುದಿಲ್ಲ.

ವೀಟ್ ಪ್ರಾಕ್ಸಿ ಡೆವಲಪ್‌ಮೆಂಟ್ ಸರ್ವರ್‌ನಲ್ಲಿ ಮಾತ್ರ ಇರುತ್ತದೆ, ಬಿಲ್ಡ್ ಮಾಡಿದ ಮೇಲೆ ಇರುವುದಿಲ್ಲ. ಪ್ರಾಜೆಕ್ಟ್ ಪರೀಕ್ಷೆಗೆ ಮೊದಲೇ ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರನ್ನು ಮುಂದಿಟ್ಟು, ಪುಟ ಮತ್ತು ಎಪಿಐ ಎರಡನ್ನೂ ಒಂದೇ ವಿಳಾಸದಡಿ ತಂದುಕೊಳ್ಳಿ.