ಕಲ್ಯಾಣದ ಶರಣೆಯರು: ದನಿ ಅವರದು, ಲೇಖನಿ ತುಮಕೂರು ಸೀಮೆಯದು

ತುಮಕೂರಿನಿಂದ ಕುಣಿಗಲ್ ಕಡೆಗೆ ಹೊರಟವರಿಗೆ ನಗರ ದಾಟಿದ ಸ್ವಲ್ಪ ಹೊತ್ತಿನಲ್ಲೇ ಎದುರಾಗುವ ಊರು ಗೂಳೂರು. ದೀಪಾವಳಿಯ ನಂತರ ತಿಂಗಳ ಕಾಲ ಪೂಜೆಗೊಳ್ಳುವ ಬೃಹತ್ ಮಣ್ಣಿನ ಗಣಪತಿಯಿಂದಾಗಿ ನಾಡಿಗೆಲ್ಲ ಪರಿಚಿತವಾದ ಊರಿದು. ಆದರೆ ಇದೇ ಊರಿನ ಹೆಸರನ್ನು ಹೊತ್ತ ಒಬ್ಬ ವಿರಕ್ತರು ಕನ್ನಡಕ್ಕೆ ಕೊಟ್ಟ ಗ್ರಂಥವೊಂದಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಗಸರು ಏನು ಮಾತನಾಡಿದರು, ಯಾರನ್ನು ಎದುರಿಸಿ ಮಾತನಾಡಿದರು ಎಂಬುದನ್ನು ಇಂದಿಗೂ ಬಹುಪಾಲು ಜನ ಆ ಗ್ರಂಥ ಕಟ್ಟಿಕೊಟ್ಟ ಚಿತ್ರದ ಮೂಲಕವೇ ಅರಿತಿದ್ದಾರೆ. ಅದು ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’.

ಹೊಸ ಧರ್ಮವೊಂದು ಹುಟ್ಟುವ ಹೊತ್ತಿನಲ್ಲಿ ಅದನ್ನು ಮೊದಲು ಒಪ್ಪಿಕೊಂಡ ಹೆಂಗಸರ ಬದುಕು ಹೇಗಿತ್ತು? ಅವರಿಗೆ ದೊರೆತದ್ದೇನು, ದೊರೆಯದೆ ಹೋದದ್ದೇನು? ಶರಣ ಸಮುದಾಯದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಬಸವಕಲ್ಯಾಣದಷ್ಟೇ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯತ್ತಲೂ ನೋಡಬೇಕಾಗುತ್ತದೆ. ದನಿ ಅಲ್ಲಿಯದು, ಅದನ್ನು ಪೋಣಿಸಿದ ಲೇಖನಿ ಬಹುಮಟ್ಟಿಗೆ ಇಲ್ಲಿಯದು. ಇವೆರಡರ ನಡುವಿನ ಅಂತರ ಮುನ್ನೂರು ವರ್ಷಕ್ಕೂ ಹೆಚ್ಚು.

ಕೊರಳಿಗೆ ಬಂದ ಲಿಂಗ

ಶರಣ ಧರ್ಮ ಹೆಂಗಸಿಗೆ ಕೊಟ್ಟ ಮೊದಲ ವಸ್ತು ಇಷ್ಟಲಿಂಗ. ಗುಡಿಯ ಬಾಗಿಲಲ್ಲಿ ನಿಂತು ಪೂಜಾರಿಯ ಕೈಯಿಂದ ಪ್ರಸಾದ ಪಡೆಯುವ ಬದಲು, ತನ್ನ ಅಂಗೈಯಲ್ಲೇ ದೇವರನ್ನಿರಿಸಿಕೊಂಡು ತಾನೇ ಪೂಜಿಸುವ ಅಧಿಕಾರವದು. ಗಂಡಸಿಗೆ ಯಾವ ದೀಕ್ಷೆಯೋ ಹೆಂಗಸಿಗೂ ಅದೇ ದೀಕ್ಷೆ.

ಇದರೊಂದಿಗೆ ಬಂದದ್ದು ಪಂಚಸೂತಕಗಳ ನಿರಾಕರಣೆ. ಜಾತಿಸೂತಕ, ಜನನಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಪ್ರೇತಸೂತಕ ಎಂಬ ಐದರಲ್ಲಿ ಜನನ ಮತ್ತು ರಜಸ್ಸೂತಕಗಳೆರಡೂ ನೇರವಾಗಿ ಹೆಣ್ಣಿನ ದೇಹಕ್ಕೆ ಸಂಬಂಧಿಸಿದವು. ಮುಟ್ಟಿನ ದಿನಗಳಲ್ಲಿ, ಬಾಣಂತನದಲ್ಲಿ ದೇವರಿಂದ ದೂರವಿರಬೇಕೆಂಬ ಕಟ್ಟಳೆಯನ್ನು ಲಿಂಗವಂತಳಾದ ಹೆಣ್ಣು ಪಾಲಿಸಬೇಕಿಲ್ಲ ಎಂದು ಸಾರಿದ್ದು ಅಂದಿನ ಸಮಾಜದಲ್ಲಿ ಸಣ್ಣ ಮಾತಾಗಿರಲಿಲ್ಲ. ತತ್ವಶಾಸ್ತ್ರದ ಚರ್ಚೆಗಿಂತ ಹೆಚ್ಚಾಗಿ, ಪ್ರತಿ ತಿಂಗಳೂ ಮನೆಯೊಳಗೆ ಅನುಭವಕ್ಕೆ ಬರುವ ಬದಲಾವಣೆ ಇದಾಗಿತ್ತು.

ಎರಡನೆಯದು ಕಾಯಕ. ವಚನ ರಚಿಸಿದ ಶರಣೆಯರ ಸಂಖ್ಯೆ ಮೂವತ್ತಕ್ಕೂ ಹೆಚ್ಚು. ಅವರಲ್ಲಿ ಅನೇಕರ ಹೆಸರಿಗೆ ದುಡಿಮೆಯೇ ವಿಶೇಷಣವಾಗಿ ಅಂಟಿಕೊಂಡಿದೆ. ಕದಿರ ರೆಮ್ಮವ್ವೆ ನೂಲು ತೆಗೆಯುವವರು. ಕೊಟ್ಟಣದ ಸೋಮವ್ವೆ ಬತ್ತ ಕುಟ್ಟುವವರು. ಸೂಳೆ ಸಂಕವ್ವೆ ವೇಶ್ಯಾವೃತ್ತಿಯಲ್ಲಿದ್ದವರು. ರೆಮ್ಮವ್ವೆ ತಮ್ಮ ರಾಟೆಯ ಕುಲಜಾತಿ ಯಾವುದೆಂದು ಕೇಳಿಸಿಕೊಳ್ಳಿ ಎನ್ನುತ್ತ, ಅದರ ಒಂದೊಂದು ಭಾಗದಲ್ಲೂ ತ್ರಿಮೂರ್ತಿಗಳನ್ನು ಕಾಣುತ್ತಾರೆ. ಹದ ತಪ್ಪಿ ಕುಟ್ಟಿದರೆ ಅಕ್ಕಿಯ ಬದಲು ನುಚ್ಚಷ್ಟೇ ಸಿಗುತ್ತದೆ ಎಂಬ ಒನಕೆಯ ಅನುಭವವನ್ನೇ ಸೋಮವ್ವೆ ವ್ರತದ ಮಾತಿಗೆ ಉಪಮೆಯಾಗಿಸುತ್ತಾರೆ. ಬೀದಿ ಗುಡಿಸುವ ಕಾಯಕದವರೆಂದು ಪರಂಪರೆ ಹೇಳುವ ಸತ್ಯಕ್ಕ, ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟುವುದಿಲ್ಲವೆಂದು ಆಣೆಯಿಡುತ್ತಾರೆ. ಒಬ್ಬನಿಂದ ಹಣ ಪಡೆದ ಮೇಲೆ ಮತ್ತೊಬ್ಬನಿಂದ ಪಡೆಯುವುದಿಲ್ಲ ಎಂಬ ಸಂಕವ್ವೆಯ ಒಂದೇ ಒಂದು ವಚನ ಉಳಿದಿದೆ. ಲೋಕ ಕೀಳೆಂದ ವೃತ್ತಿಯಲ್ಲೂ ನಿಷ್ಠೆಯೊಂದು ಸಾಧ್ಯ ಎಂಬ ದಿಟ್ಟತನ ಅದರಲ್ಲಿದೆ.

ಗಂಡನನ್ನು ತಿದ್ದಿದ ಹೆಂಡತಿಯರು

ದಾಂಪತ್ಯದ ಒಳಗೂ ಹೊಸ ಗಾಳಿ ಬೀಸಿತ್ತು. ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೇಕೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬನ್ನಿ ಎಂದು ಲಕ್ಕಮ್ಮ ಕಳುಹಿಸುತ್ತಾರೆ. ಕಟ್ಟಿಗೆ ಮಾರಿ ಬದುಕುತ್ತಿದ್ದ ಮೋಳಿಗೆಯ ಮಾರಯ್ಯನವರು ಕೈಲಾಸದ ಹಂಬಲಕ್ಕೆ ಬಿದ್ದಾಗ, ಅದು ಅರಿವಿನ ಲಕ್ಷಣವಲ್ಲವೆಂದು ಎಚ್ಚರಿಸುವವರೂ ಪತ್ನಿ ಮಹಾದೇವಿಯೇ.

ಬಸವಣ್ಣನವರಿಗೆ ಗಂಗಾಂಬಿಕೆ ಮತ್ತು ನೀಲಾಂಬಿಕೆ ಎಂಬ ಇಬ್ಬರು ಪತ್ನಿಯರಿದ್ದರೆಂಬುದು ಪರಂಪರೆಯ ನಂಬಿಕೆ. ಇಬ್ಬರ ಹೆಸರಿನಲ್ಲೂ ವಚನಗಳಿವೆ. ಕೂಡಲಸಂಗಮಕ್ಕೆ ಬರಬೇಕೆಂದು ಬಸವಣ್ಣನವರು ಹಡಪದ ಅಪ್ಪಣ್ಣನವರ ಮೂಲಕ ಕರೆ ಕಳುಹಿಸಿದಾಗ, ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ನೀಲಾಂಬಿಕೆ ಕೇಳಿದ ಪ್ರಸಂಗ ಪ್ರಸಿದ್ಧ. ಗಂಡ ಕರೆದಲ್ಲಿಗೆ ಹೋಗುವುದೇ ಧರ್ಮವೆಂದಿದ್ದ ಕಾಲದಲ್ಲಿ, ತನ್ನ ಐಕ್ಯಕ್ಕೆ ತನ್ನ ನೆಲೆಯೇ ಸಾಕು ಎಂಬ ಉತ್ತರವದು. ಆದರೆ ಒಂದೇ ಮನೆಯಲ್ಲಿ ಸವತಿಯರಾಗಿ ಬಾಳಿದ ಅನುಭವ ಹೇಗಿತ್ತು ಎಂಬ ಪ್ರಶ್ನೆಗೆ ಈ ಪ್ರಸಂಗವೂ ಉತ್ತರ ಕೊಡುವುದಿಲ್ಲ.

ಈ ಮೌನದ ಅರ್ಥ ತಿಳಿಯಲು ದೂರದ ಹೋಲಿಕೆಯೊಂದು ನೆರವಾಗುತ್ತದೆ. ಅಮೆರಿಕದಲ್ಲಿ 1830ರಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಮಾರ್ಮನ್ ಪಂಥವೂ ಹೊಸ ಧರ್ಮವೇ. ಅದೂ ವಿರೋಧ ಎದುರಿಸಿ, ನೆಲೆ ಬಿಟ್ಟು, ಯೂಟಾದ ಕಡೆಗೆ ವಲಸೆ ಹೋಯಿತು. ಅಲ್ಲಿ ಬಹುಪತ್ನಿತ್ವವನ್ನು 1852ರಲ್ಲಿ ಬಹಿರಂಗವಾಗಿ ಸಾರಲಾಯಿತು. 1890ರಲ್ಲಿ ಅದನ್ನು ಕೈಬಿಡುವ ಘೋಷಣೆ ಹೊರಬಿತ್ತು. ಈ ನಡುವೆ, 1870ರಲ್ಲೇ ಯೂಟಾದ ಮಹಿಳೆಯರಿಗೆ ಮತದಾನದ ಹಕ್ಕು ದೊರೆತು, 1887ರಲ್ಲಿ ಅಮೆರಿಕದ ಸಂಸತ್ತು ಅದನ್ನು ಕಿತ್ತುಕೊಂಡಿತು. ಆ ಹೆಂಗಸರು ದಿನಚರಿ ಬರೆದರು, ಪತ್ರ ಬರೆದರು. 1872ರಿಂದ ‘ವುಮನ್ಸ್ ಎಕ್ಸ್‌ಪೊನೆಂಟ್’ ಎಂಬ ತಮ್ಮದೇ ಪತ್ರಿಕೆ ನಡೆಸಿದರು. ಸವತಿಯ ಸಂಕಟವನ್ನೂ, ಬಹುಪತ್ನಿತ್ವದ ಸಮರ್ಥನೆಯನ್ನೂ ಅವರ ಕೈಬರಹದಲ್ಲೇ ಇಂದು ಓದಬಹುದು. ಕಲ್ಯಾಣದ ಶರಣೆಯರಿಂದ ಅಂಥ ದಿನಚರಿ ಉಳಿದಿಲ್ಲ. ಉಳಿದದ್ದು ವಚನ ಮಾತ್ರ. ಅದೂ ಬೇರೆಯವರ ಕೈ ದಾಟಿ ಬಂದದ್ದು.

ಅಂಕಿತ ಹೇಳುವ ಕಥೆ

ಆದರೂ ಶರಣೆಯರ ಸ್ಥಾನಮಾನವನ್ನು ಅರಿಯಲು ವಚನದೊಳಗೇ ಒಂದು ಸಾಕ್ಷ್ಯವಿದೆ. ಅದು ಪ್ರತಿ ವಚನದ ಕೊನೆಯ ಅಂಕಿತ. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಹಡಪದ ಅಪ್ಪಣ್ಣನವರ ಪತ್ನಿ ಲಿಂಗಮ್ಮನದು ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಉರಿಲಿಂಗಪೆದ್ದಿಯವರ ಪತ್ನಿ ಕಾಳವ್ವೆಯದು ‘ಉರಿಲಿಂಗಪೆದ್ದಿಗಳರಸ’. ಬಸವಣ್ಣನವರ ಅಕ್ಕ ನಾಗಮ್ಮನದು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಮುಕ್ತಾಯಕ್ಕ ಅಣ್ಣ ಅಜಗಣ್ಣನ ಹೆಸರನ್ನೇ ಅಂಕಿತವಾಗಿಸಿಕೊಂಡರು. ಗಂಡನನ್ನು ತಿದ್ದುವಷ್ಟು ಸ್ವತಂತ್ರವಾದ ಮಾತು ಕೂಡ ಕೊನೆಗೆ ಗಂಡನ, ಅಣ್ಣನ ಅಥವಾ ತಮ್ಮನ ಹೆಸರಿನ ಮೂಲಕವೇ ದೇವರನ್ನು ತಲುಪುತ್ತದೆ.

ಇನ್ನೊಂದು ಸಾಲೂ ಇದೆ. ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ, ಸತ್ಯಕ್ಕನ ಶಂಭುಜಕ್ಕೇಶ್ವರ, ಸಂಕವ್ವೆಯ ನಿರ್ಲಜ್ಜೇಶ್ವರ, ಇವುಗಳಲ್ಲಿ ಮನೆಯ ಗಂಡಸರ ಹೆಸರಿಲ್ಲ. ಲಜ್ಜೆ ಇಲ್ಲದವಳೆಂದು ಊರು ಕರೆದ ಹೆಂಗಸು ತನ್ನ ದೇವರನ್ನೇ ಲಜ್ಜೆಯಿಲ್ಲದ ಈಶ್ವರನೆಂದು ಕರೆದದ್ದರ ಮೊನಚು ಇಂದಿಗೂ ಮಾಸಿಲ್ಲ. ಸಂಸಾರಸ್ಥ ಶರಣೆಗೆ ದೊರೆತ ಗೌರವ, ಸಂಸಾರದ ಹೊರಗೆ ನಿಂತ ಶರಣೆ ತಾನೇ ಗಳಿಸಿಕೊಂಡ ಬಿಡುಗಡೆ, ಇವೆರಡೂ ಒಂದೇ ಅಲ್ಲ ಎಂಬುದನ್ನು ಅಂಕಿತಗಳ ಈ ಭೇದ ಸೂಚಿಸುತ್ತದೆ.

ಹೊರಗೆ ನಿಂತವರಲ್ಲಿ ಅಗ್ರಗಣ್ಯರು ನಾನೂರಕ್ಕೂ ಹೆಚ್ಚು ವಚನಗಳ ಅಕ್ಕಮಹಾದೇವಿ. ಅವರ ಬದುಕಿನ ಮುಖ್ಯ ಘಟನೆಯನ್ನೇ ಕವಿಗಳು ಭಿನ್ನವಾಗಿ ಹೇಳಿರುವುದು ಗಮನಾರ್ಹ. ಹರಿಹರನ ರಗಳೆಯಲ್ಲಿ ಕೌಶಿಕನೊಡನೆ ಅವರ ವಿವಾಹವಾಗುತ್ತದೆ. ಒಪ್ಪಿದ ಷರತ್ತುಗಳನ್ನು ಆತ ಮುರಿದಾಗ ಹೊರನಡೆಯುತ್ತಾರೆ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ವಿವಾಹವೇ ನಡೆಯುವುದಿಲ್ಲ. ಮದುವೆಯಾಗಿ ಗಂಡನನ್ನು ತೊರೆದ ಹೆಣ್ಣನ್ನು ಸಂತಳೆಂದು ಒಪ್ಪುವುದು ನಂತರದ ಪೀಳಿಗೆಗೆ ಕಷ್ಟವಾಯಿತೇ ಎಂಬ ಸಂದೇಹಕ್ಕೆ ಇದು ಎಡೆಮಾಡುತ್ತದೆ.

ಯಡಿಯೂರು, ಗುಬ್ಬಿ, ಗೂಳೂರು

ಬಿಜ್ಜಳನ ಕಾಲದ ಕೊನೆಗೆ ಕಲ್ಯಾಣದಲ್ಲಿ ಕ್ರಾಂತಿಯಾಯಿತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆ ಅದಕ್ಕೆ ಕಾರಣವೆಂದು ಪರಂಪರೆ ಹೇಳುತ್ತದೆ. ಇಬ್ಬರ ತಂದೆಯರ ಹೆಸರನ್ನು ಎಲ್ಲರೂ ಬಲ್ಲರು. ಮದುಮಗಳ ಮಾತು ಮಾತ್ರ ಎಲ್ಲೂ ಕೇಳಿಸುವುದಿಲ್ಲ. ಶರಣರು ಚದುರಿದರು. ಚೆನ್ನಬಸವಣ್ಣನವರೊಂದಿಗೆ ಅಕ್ಕ ನಾಗಮ್ಮ ಉಳವಿಯತ್ತ ನಡೆದರು. ಮಲಪ್ರಭೆಯ ದಡದ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ, ಕೃಷ್ಣೆಯ ದಡದ ತಂಗಡಗಿಯಲ್ಲಿ ನೀಲಾಂಬಿಕೆಯ ಐಕ್ಯಸ್ಥಳಗಳನ್ನು ಜನ ಇಂದಿಗೂ ತೋರಿಸುತ್ತಾರೆ.

ಆ ನಂತರ ವಚನಗಳನ್ನು ಹುಡುಕಿ, ಜೋಡಿಸಿ, ಗ್ರಂಥವಾಗಿಸುವ ಕಾರ್ಯ ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಭರದಿಂದ ಸಾಗಿತು. ಅದರ ಮುಂದಿನ ಘಟ್ಟದ ಕೇಂದ್ರ ಕುಣಿಗಲ್ ಸೀಮೆ. ಹರದನಹಳ್ಳಿಯ ಪರಂಪರೆಯ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತದ್ದರಿಂದ ‘ತೋಂಟದ’ ಸಿದ್ಧಲಿಂಗರೆನಿಸಿ, ಯಡಿಯೂರಿನಲ್ಲಿ ನೆಲೆಸಿದರು. ಅವರೊಡನೆ 701 ವಿರಕ್ತರಿದ್ದರೆಂಬುದು ಪ್ರತೀತಿ. ಅವರದೇ 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ ಪ್ರಸಿದ್ಧ. ಇದೇ ಕಾಲಘಟ್ಟದಲ್ಲಿ ಗುಬ್ಬಿಯ ಮಲ್ಲಣಾರ್ಯರು 1513ರಲ್ಲಿ ‘ಭಾವಚಿಂತಾರತ್ನ’, 1530ರಲ್ಲಿ ‘ವೀರಶೈವಾಮೃತ ಮಹಾಪುರಾಣ’ ರಚಿಸಿದರು. ಸಿದ್ಧಲಿಂಗರ ಶಿಷ್ಯಪರಂಪರೆಗೆ ಸೇರಿದವರೇ ಗೂಳೂರು ಸಿದ್ಧವೀರಣ್ಣೊಡೆಯರು. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಅವರದು ಕೊನೆಯದು.

ಈ ಗ್ರಂಥ ವಚನಗಳ ಬರಿಯ ಸಂಗ್ರಹವಲ್ಲ. ಬಿಡಿಬಿಡಿಯಾಗಿದ್ದ ವಚನಗಳನ್ನು ಪ್ರಶ್ನೋತ್ತರವಾಗಿ ಹೆಣೆದ ಸಂವಾದ ಅದು. ಅದರ ಕೇಂದ್ರದಲ್ಲಿ ಅಲ್ಲಮಪ್ರಭು ಇದ್ದಾರೆ. ಅಣ್ಣನ ಸಾವಿಗೆ ಅಳುವ ಮುಕ್ತಾಯಕ್ಕ ಗ್ರಂಥದ ಆರಂಭದಲ್ಲೇ ಪ್ರಭುವಿನೊಡನೆ ವಾದಿಸುತ್ತಾರೆ. ನಿನ್ನ ಪತಿ ಯಾರು, ಸೀರೆಯನ್ನು ತೊರೆದವಳು ಕೂದಲಿನಿಂದ ಮೈಯನ್ನೇಕೆ ಮರೆಸಿಕೊಂಡೆ ಎಂಬ ಪ್ರಶ್ನೆಗಳನ್ನು ಎದುರಿಸಿದ ನಂತರವೇ ಅಕ್ಕನಿಗೆ ಶರಣರ ಮನ್ನಣೆ ದೊರೆಯುತ್ತದೆ. ಮಾತಿನ ಬಲದಲ್ಲಿ ಈ ಹೆಂಗಸರು ಯಾರಿಗೂ ಕಡಿಮೆಯಲ್ಲ. ಆದರೆ ಪರೀಕ್ಷಿಸುವ ಪೀಠದಲ್ಲಿ ಕುಳಿತವರು ಗಂಡಸರೇ. ಗಂಡನಿಗೆ ಬುದ್ಧಿ ಹೇಳಿದ ಲಕ್ಕಮ್ಮ, ಮಹಾದೇವಿಯವರಿಗೆ ಗ್ರಂಥದಲ್ಲಿ ಸ್ಥಾನವಿದೆ. ರಾಟೆಯ ರೆಮ್ಮವ್ವೆಗೆ, ಒನಕೆಯ ಸೋಮವ್ವೆಗೆ, ಸಂಕವ್ವೆಗೆ ಪ್ರತ್ಯೇಕ ಪ್ರಸಂಗವಿಲ್ಲ. ಅವರ ಒಂದೆರಡು ವಚನಗಳು ಬೇರೆ ಓಲೆಗರಿ ಸಂಕಲನಗಳಲ್ಲಿ ಉಳಿದು ಬಂದವು.

ಓದುವ ಬಗೆ

ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಪ್ರಕಟಿಸಿದ ಮೇಲೆ ಓಲೆಗರಿಯ ವಚನಗಳು ಸಾಮಾನ್ಯ ಓದುಗರ ಕೈಗೆ ಬಂದವು. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಮಾಲಿಕೆಯಲ್ಲಿ ಐದನೆಯದನ್ನು ಶರಣೆಯರ ವಚನಗಳಿಗೇ ಮೀಸಲಿಡಲಾಯಿತು. ನೂಲುವವರು, ಕುಟ್ಟುವವರು, ಗುಡಿಸುವವರು ಅಕ್ಕಮಹಾದೇವಿಯ ಪಕ್ಕದಲ್ಲೇ ಒಂದು ಪುಸ್ತಕದೊಳಗೆ ಕುಳಿತರು.

ಈ ಎರಡೂ ಬಗೆಯ ಗ್ರಂಥಗಳನ್ನು ಜೊತೆಯಾಗಿಟ್ಟು ಓದುವುದೇ ಸೂಕ್ತ. ಯಡಿಯೂರು, ಗುಬ್ಬಿ, ಗೂಳೂರಿನ ಸಾಧಕರು ಓಲೆಗರಿಗೆ ಕಂಠ ಹಿಡಿಯದಿದ್ದರೆ ಕಲ್ಯಾಣದ ಹೆಂಗಸರ ಎಷ್ಟೋ ಮಾತು ನಮ್ಮವರೆಗೆ ಬರುತ್ತಿರಲಿಲ್ಲ. ಆ ಋಣ ದೊಡ್ಡದು. ಆದರೆ ಆ ಮಾತನ್ನು ಆಯ್ದವರು, ಯಾರ ಪ್ರಶ್ನೆಗೆ ಯಾವ ಉತ್ತರವೆಂದು ನಿರ್ಧರಿಸಿದವರು ಆ ಸಾಧಕರೇ ಎಂಬುದೂ ಅಷ್ಟೇ ನಿಜ. ವಚನವೊಂದನ್ನು ಕೈಗೆತ್ತಿಕೊಂಡಾಗ ಮಾತು ಯಾರದು, ಅಂಕಿತದಲ್ಲಿ ಯಾರ ಹೆಸರಿದೆ, ಅದನ್ನು ಆ ಸ್ಥಳದಲ್ಲಿ ಇರಿಸಿದವರು ಯಾರು ಎಂದು ಕೇಳಿಕೊಂಡರೆ, ಸಭೆಯಲ್ಲಿ ಉತ್ತರಿಸಿದ ಅಕ್ಕನ ಜೊತೆಗೆ, ಯಾರೂ ಸಭೆಗೆ ಕರೆಯದ ರೆಮ್ಮವ್ವೆಯ ರಾಟೆಯ ಸದ್ದೂ ಕೇಳಿಸೀತು.